ಸರ್ಟಿಫಿಕೇಟ್ ಆಮೇಲೆ, ಶಾಲೆ ಮೊದಲು: ಸರ್ಕಾರಿ ಶಾಲೆಯಲ್ಲಿ ವಿಶೇಷ ಚೇತನ ಮಗುವಿಗೆ ಸೌಲಭ್ಯ ಪಡೆಯುವುದು ಹೇಗೆ?

ನನ್ನ ಅಕ್ಕನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಅವನಿಗೆ 6 ತುಂಬಿದಾಗ ಅಕ್ಕ ಅವನನ್ನು ಎತ್ತಿಕೊಂಡು ಊರಿನ ಶಾಲೆಗೆ ಹೋದಳು. "ಮೊದಲು ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿಕೊಂಡು ಬನ್ನಿ ಅಮ್ಮಾ, ಆಮೇಲೆ ನೋಡೋಣ" ಅಂದರು. ಆಸ್ಪತ್ರೆಗೆ ಹೋದರೆ ಅವತ್ತು ಡಾಕ್ಟರು ಬರುವ ದಿನವಲ್ಲ. ಇನ್ನೊಂದು ದಿನ ಹೋದರೆ ಆಧಾರ್‌ನಲ್ಲಿ ಹೆಸರು ತಪ್ಪು. ಹೀಗೆ ಒಂದು ವರ್ಷ ಸುಮ್ನೆ ಹೋಯಿತು. ಸೇರಿಸಿಕೊಳ್ಳಲು ಆ ಕಾಗದ ಬೇಕಾಗಿಯೇ ಇರಲಿಲ್ಲ ಎಂದು ಗೊತ್ತಾಗಿದ್ದು ಆಮೇಲೆ.

ಆದ್ದರಿಂದ ಕೆಲಸ ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದು ಇಲ್ಲಿ ಮುಖ್ಯ.

1. ಮೊದಲು ಹೆಸರು ಹಚ್ಚಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ತಾರತಮ್ಯ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು. ಅಂಗವಿಕಲತೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ ಅನ್ನುವ ಆಯ್ಕೆಯೂ ಮಗುವಿನ ಕಡೆಯವರದ್ದು. "ಇಂಥವರಿಗೆ ಬೇರೆ ಶಾಲೆ ಇದೆಯಲ್ಲ" ಎಂದು ಮುಖ್ಯಶಿಕ್ಷಕರು ಹೇಳಿದರೆ ಅದು ಸಲಹೆ ಮಾತ್ರ. ವಯಸ್ಸು ಮೀರಿದ್ದರೂ ಚಿಂತೆ ಬೇಡ. ಶಿಕ್ಷಣ ಹಕ್ಕು ಕಾಯ್ದೆಯಡಿ ಮಗುವನ್ನು ಅದರ ವಯಸ್ಸಿನ ತರಗತಿಗೇ ಸೇರಿಸಬಹುದು.

ಬಾಯಿಮಾತಲ್ಲಿ ಕೇಳಬೇಡಿ. ಅರ್ಧ ಪುಟದ ಅರ್ಜಿ ಬರೆದು ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಆದರೂ ಆಗಲ್ಲ ಅಂದರೆ ಜಗಳ ಬೇಡ. "ಸರಿ ಸಾರ್, ಆಗಲ್ಲ ಅಂತ ಇದರಲ್ಲೇ ಬರೆದುಕೊಡಿ" ಅನ್ನಿ. ಹಾಗೆ ಬರೆದುಕೊಡಲು ಯಾರೂ ಅಷ್ಟು ಸುಲಭಕ್ಕೆ ಮುಂದೆ ಬರುವುದಿಲ್ಲ!

2. ಬಿಐಇಆರ್‌ಟಿ ಯಾರೆಂದು ಪತ್ತೆ ಮಾಡಿ

ಹೆಸರು ಉಚ್ಚರಿಸಲು ಕಷ್ಟ, ಆದರೆ ನಿಮಗೆ ಎಲ್ಲರಿಗಿಂತ ಜಾಸ್ತಿ ಬೇಕಾಗುವವರು ಇವರೇ. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು. ಬ್ಲಾಕಿನ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಿಗುತ್ತಾರೆ. ನಿಮ್ಮ ಶಾಲೆಯ ಮುಖ್ಯಶಿಕ್ಷಕರ ಬಳಿಯೋ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಳಿಯೋ ಅವರ ನಂಬರ್ ಇರುತ್ತದೆ.

ಅವರಿಗೆ ಫೋನ್ ಮಾಡುವ ಮೊದಲು ಶಾಲೆಯಲ್ಲಿ ಒಂದು ಮಾತು ಕೇಳಿ: ಮಕ್ಕಳ ವಿವರ ದಾಖಲಿಸುವ ಇಲಾಖೆಯ ತಂತ್ರಾಂಶ ಸ್ಯಾಟ್ಸ್‌ನಲ್ಲಿ ಮಗುವನ್ನು ವಿಶೇಷ ಅಗತ್ಯವುಳ್ಳ ಮಗು ಎಂದು ನಮೂದಿಸಿದ್ದೀರಾ? ಕಂಪ್ಯೂಟರಿನಲ್ಲಿ ಆ ಕಾಲಂ ಖಾಲಿ ಇದ್ದರೆ ಶಿಬಿರದ ಪಟ್ಟಿಯಲ್ಲೂ ಭತ್ಯೆಯ ಪಟ್ಟಿಯಲ್ಲೂ ಮಗುವಿನ ಹೆಸರು ಬರುವುದು ಕಷ್ಟ.

ಬಿಐಇಆರ್‌ಟಿ ದಿನಾ ಬಂದು ಪಾಠ ಮಾಡುತ್ತಾರೆ ಅಂದುಕೊಳ್ಳಬೇಡಿ. ಅವರ ಮೇಲೆ ಹತ್ತಾರು ಶಾಲೆಗಳ ಭಾರ. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆ ಲೆಕ್ಕಕ್ಕೂ ನಮ್ಮ ತಾಲ್ಲೂಕುಗಳ ಲೆಕ್ಕಕ್ಕೂ ತುಂಬಾ ದೂರ. ಅದಕ್ಕೇ ಅವರು ಬಂದ ದಿನ ತರಗತಿಯ ಟೀಚರನ್ನೂ ಜೊತೆಗೆ ಕೂರಿಸಿಕೊಳ್ಳಿ. ಮಗುವಿನ ಜೊತೆ ವರ್ಷವಿಡೀ ಇರುವವರು ಆ ಟೀಚರೇ ಅಲ್ವಾ?

3. ಈಗ ಸರ್ಟಿಫಿಕೇಟ್

ಹಾಜರಾತಿ ನಡೆಯುತ್ತಿರಲಿ, ಕಾಗದದ ಕೆಲಸ ಪಕ್ಕದಲ್ಲಿ ಸಾಗಲಿ. ಅಂಗವಿಕಲತೆಯ ಸರ್ಟಿಫಿಕೇಟ್ ಜೊತೆ ಸಿಗುವ ವಿಶಿಷ್ಟ ಗುರುತಿನ ಕಾರ್ಡ್, ಅಂದರೆ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿರುವ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಕಾರ್ಡ್ ಮೂರು ಬಣ್ಣದಲ್ಲಿ ಬರುತ್ತದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, ಅಲ್ಲಿಂದ ಶೇ 80ರ ಒಳಗೆ ಹಳದಿ, ಅದಕ್ಕೂ ಮೇಲೆ ನೀಲಿ. ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಪತ್ರ ಕೊಡುತ್ತಾರೆ. ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಮುಗಿದುಹೋದರೆ ಓಡಾಟ ತಪ್ಪದು.

2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಕಣ್ಣಿಗೆ ಕಾಣದವೂ ಅದರಲ್ಲಿವೆ. "ಮಗು ಚೂಟಿ, ಆದರೆ ಅಕ್ಷರ ಕಂಡರೆ ಓಡುತ್ತೆ" ಅನ್ನುವಂಥ ಕಲಿಕಾ ನ್ಯೂನತೆಯೂ ಒಂದು. ಅದರ ಪತ್ರ 8 ವರ್ಷದೊಳಗಿನ ಮಗುವಿಗೆ ಸಿಗುವುದಿಲ್ಲ. ಆದರೆ ಸಹಾಯ ಅಲ್ಲಿವರೆಗೆ ಕಾಯಬಾರದು. ಪರೀಕ್ಷಿಸಿ ತಿಳಿಯಲು ಬೆಂಗಳೂರಿನ ನಿಮ್ಹಾನ್ಸ್ ಇದೆ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಆಯಿಷ್ ಇದೆ.

ಶಿಕ್ಷಣ ಇಲಾಖೆಯೂ ಬ್ಲಾಕ್ ಮಟ್ಟದಲ್ಲಿ ವೈದ್ಯಕೀಯ ತಪಾಸಣಾ ಶಿಬಿರ ನಡೆಸುತ್ತದೆ. ಗಾಲಿಕುರ್ಚಿ, ಶ್ರವಣ ಸಾಧನ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಮುಂತಾದವಕ್ಕೆ ಅಳತೆ ತೆಗೆದುಕೊಳ್ಳುವುದು ಇಲ್ಲೇ. ಒಂದು ಎಚ್ಚರ: ಮಗು ಬೆಳೆಯುತ್ತದೆ, ಕ್ಯಾಲಿಪರ್ ಬೆಳೆಯುವುದಿಲ್ಲ. ಸಾಧನ ಕೈಗೆ ಬಂದ ದಿನವೇ ಹಾಕಿಸಿ ನೋಡಿ. ನಮಗೆ ಬಂದ ಜೋಡಿ ಬೂಟು ಅಟ್ಟ ಸೇರಿತು.

4. ತರಗತಿಯೊಳಗೆ ಏನು ಬದಲಾಗಬೇಕು?

ನನ್ನ ಪ್ರಕಾರ ನಿಜವಾದ ಕೆಲಸ ಇದು. ಉಳಿದದ್ದೆಲ್ಲ ಇದಕ್ಕೆ ತಯಾರಿ. ಹೆಚ್ಚಿನ ತಂದೆ ತಾಯಿಯರು ಕಾರ್ಡ್ ಸಿಕ್ಕಿತೆಂದು ಇಲ್ಲಿಗೇ ನಿಲ್ಲಿಸುತ್ತಾರೆ.

ಟೀಚರ್, ಬಿಐಇಆರ್‌ಟಿ, ನೀವು ಮೂವರೂ ಕೂತು ಮಗುವಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯಬೇಕು. ಐಇಪಿ ಅನ್ನುತ್ತಾರೆ. "ಗಣಿತದಲ್ಲಿ ಸುಧಾರಣೆ" ಎಂದು ಬರೆದರೆ ಅದು ಬರೀ ಕಾಗದ. "ದಸರಾ ರಜೆಯೊಳಗೆ ಕಡ್ಡಿ ಇಟ್ಟುಕೊಂಡು 20ರವರೆಗೆ ಎಣಿಸಬೇಕು" ಎಂದು ಬರೆಸಿ. ರಜೆ ಮುಗಿದ ಮೇಲೆ ಆಯಿತೋ ಇಲ್ಲವೋ ನೋಡಬಹುದು.

ದುಡ್ಡು ಬೇಡದ ಬದಲಾವಣೆಗಳನ್ನು ಮೊದಲು ಕೇಳಿ. ಕಿವಿ ಮಂದವಿರುವ ಮಗು ಮುಂದೆ ಕೂರಲಿ, ಟೀಚರ್ ಬೋರ್ಡಿನ ಕಡೆ ತಿರುಗಿ ಮಾತಾಡದಿರಲಿ. ದೃಷ್ಟಿ ಮಂದವಿದ್ದರೆ ಬೋರ್ಡಿನಲ್ಲಿ ಬರೆದದ್ದನ್ನು ಬಾಯಲ್ಲೂ ಹೇಳಲಿ. ಕೈ ನಡುಗುವ ಮಗು ಹತ್ತು ಲೆಕ್ಕದ ಬದಲು ನಾಲ್ಕು ಮಾಡಲಿ, ಉಳಿದದ್ದಕ್ಕೆ ಬಾಯಲ್ಲಿ ಉತ್ತರ ಹೇಳಲಿ. ಮಹಡಿ ಶಾಲೆಯಾದರೆ ಆ ತರಗತಿಯನ್ನೇ ಕೆಳಗೆ ತರಲಿ.

ಶೌಚಾಲಯದ ವಿಷಯ ಮುಜುಗರವಿಲ್ಲದೆ ಎತ್ತಿ. ನಮ್ಮ ಹುಡುಗ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಯಾಕೆಂದು ತಿಳಿಯಲು ನಮಗೇ ಎರಡು ತಿಂಗಳು ಬೇಕಾಯಿತು. ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿದ ಮೇಲೆ ಸರಿಹೋಯಿತು. ಆ ಮಾತು ಎತ್ತಿದ್ದು ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ.

5. ಭತ್ಯೆಗಳು

ಬೆಂಗಾವಲು (ಮಗುವನ್ನು ಶಾಲೆಗೆ ಕರೆದುಕೊಂಡು ಹೋಗುವವರಿಗೆ), ಪ್ರಯಾಣ, ದೃಷ್ಟಿ ಇಲ್ಲದವರಿಗೆ ಓದಿ ಹೇಳುವವರ ಭತ್ಯೆ ಇವೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹಧನ. ದೊಡ್ಡ ಮೊತ್ತವೇನಲ್ಲ, ಬಿಡಬೇಡಿ ಅಷ್ಟೇ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿಕೊಳ್ಳಿ.

6. ಶಾಲೆಗೆ ಹೋಗಲಾಗದಿದ್ದರೆ

ತೀವ್ರ ಅಥವಾ ಬಹುವಿಧ ಅಂಗವಿಕಲತೆ ಇರುವ ಮಗುವಿಗೆ ಮನೆಯಲ್ಲೇ ಕಲಿಯುವ ಹಕ್ಕಿದೆ. 2012ರ ತಿದ್ದುಪಡಿ ಅದನ್ನು ಶಿಕ್ಷಣ ಹಕ್ಕು ಕಾಯ್ದೆಗೆ ಸೇರಿಸಿತು. ಇದನ್ನು ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ. ಹೆಸರು ಶಾಲೆಯ ಹಾಜರಿಯಲ್ಲೇ ಇರುತ್ತದೆ. ಆದರೆ ಹುಷಾರು. ಶಾಲೆಗೆ ಬರಬಲ್ಲ ಮಗುವನ್ನೂ "ಮನೆಯಲ್ಲೇ ಆರಾಮಾಗಿರಲಿ" ಎಂದು ಈ ಪಟ್ಟಿಗೆ ತಳ್ಳುವುದುಂಟು. ಬಿಆರ್‌ಸಿಯ ಶಾಲಾ ಸಿದ್ಧತಾ ಕೇಂದ್ರದಲ್ಲಿ ಫಿಸಿಯೋಥೆರಪಿ ಯಾವ ದಿನ ಎಂದು ಕೇಳಿ. ವಾರಕ್ಕೊಮ್ಮೆಯಾದರೂ ಹೊರಗೆ ಕರೆದುಕೊಂಡು ಹೋಗಿ.

7. ಕೇಳಿದ್ದು ಆಗದಿದ್ದರೆ

ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒಗೆ ಬರೆಯಿರಿ, ಆಮೇಲೆ ಜಿಲ್ಲೆಯ ಉಪನಿರ್ದೇಶಕರು, ಅಂದರೆ ಡಿಡಿಪಿಐಗೆ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ. ಮೊಹರು ಹಾಕಿಸಿಕೊಂಡ ಆ ಹಳೇ ಅರ್ಜಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

8. ಎಸ್ಸೆಸ್ಸೆಲ್ಸಿಗೆ 9ನೇ ತರಗತಿಯಲ್ಲೇ ಶುರು

ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಭಾಷಾ ವಿಷಯದ ವಿನಾಯಿತಿ ಇವೆಲ್ಲ ಸಾಧ್ಯ. ಪರೀಕ್ಷೆಗೆ ನೋಂದಣಿ ಮಾಡುವಾಗಲೇ ಮುಖ್ಯಶಿಕ್ಷಕರ ಮೂಲಕ ಅರ್ಜಿ ಹೋಗಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಿದರೆ ಕಷ್ಟ. ಶೇ 40 ಇಲ್ಲ ಎಂದು ಸಹಾಯಕರನ್ನು ನಿರಾಕರಿಸಿದರೆ 2021ರ ವಿಕಾಸ್ ಕುಮಾರ್ ಪ್ರಕರಣದ ಹೆಸರು ಹೇಳಿ. ಬರೆಯಲು ನಿಜಕ್ಕೂ ತೊಂದರೆ ಇದ್ದರೆ ಆ ಶೇಕಡಾ ಲೆಕ್ಕ ಅಡ್ಡ ಬರಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಅನುಮತಿ ಸಿಕ್ಕರೆ ಅರ್ಧ ಕೆಲಸ ಆಯಿತು ಅಷ್ಟೇ. ಉತ್ತರ ಹೇಳಿ ಬರೆಸುವುದೂ ಕಲಿಯಬೇಕಾದ ವಿದ್ಯೆ. ನಮ್ಮ ಹುಡುಗ ಈಗ 9ನೇ ತರಗತಿ. ಭಾನುವಾರ ಪಕ್ಕದ ಮನೆಯ ಏಳನೇ ತರಗತಿ ಹುಡುಗಿಯನ್ನು ಕೂರಿಸಿಕೊಂಡು ಬೀಜಗಣಿತ ಬರೆಸುತ್ತಾನೆ. "ಎಕ್ಸ್ ಮೇಲೆ ಸಣ್ಣ ಎರಡು ಹಾಕು, ಪಕ್ಕದಲ್ಲಲ್ಲ!" ಎಂದು ಕೂಗುವುದು ಬೀದಿಗೆಲ್ಲ ಕೇಳುತ್ತದೆ.