ದಿನಾ ಬೇಳೆ ತಿನ್ನುತ್ತೇನಲ್ಲ ಎಂದುಕೊಂಡಿದ್ದೆ

ಜಿಮ್ಮಿಗೆ ಸೇರಿ ಐದು ತಿಂಗಳಾದರೂ ನನ್ನ ತೂಕ 56 ಕಿಲೋದಿಂದ ಕದಲಿರಲಿಲ್ಲ. ಎತ್ತರ ಐದು ಅಡಿ ಎಂಟು ಅಂಗುಲ, ವಯಸ್ಸು 29, ತುಮಕೂರಿನಲ್ಲಿ ಲೆಕ್ಕಪತ್ರ ಬರೆಯುವ ಕೆಲಸ. ಅಂಗಿ ತೊಟ್ಟರೆ ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ತರಬೇತುದಾರರು, “ಮೈತೂಕದ ಕಿಲೋಗೆ ಎರಡೂವರೆ ಗ್ರಾಂ ಪ್ರೋಟೀನ್ ಬೇಕು, ಮನೆ ಊಟದಲ್ಲಿ ಆಗುವ ಮಾತಲ್ಲ” ಎಂದು ಪುಡಿಯ ಡಬ್ಬ ಕೊಡಿಸಿದರು. ಮೂರು ಸಾವಿರ ಚಿಲ್ಲರೆ. ಬೆಳಿಗ್ಗೆ ಅದನ್ನು ಕುಡಿದರೆ ಹೊಟ್ಟೆ ತುಂಬಿದಂತಾಗಿ ತಿಂಡಿ ಬಿಡುತ್ತಿದ್ದೆ. ಡಬ್ಬ ಖಾಲಿಯಾದ ದಿನ ತೂಕ 56 ಕಿಲೋ 300 ಗ್ರಾಂ.

ಪುಡಿಯದೇನೂ ತಪ್ಪಿಲ್ಲ, ಅದು ಹಾಲಿನಿಂದ ತೆಗೆದ ಪ್ರೋಟೀನ್ ಅಷ್ಟೇ. ದಿನವಿಡೀ ಬೇರೆಯವರ ಜಮಾಖರ್ಚು ನೋಡುವ ನಾನು ನನ್ನ ತಟ್ಟೆಯ ಲೆಕ್ಕವನ್ನು ಒಮ್ಮೆಯೂ ಬರೆದಿರಲಿಲ್ಲ. ಒಂದು ಭಾನುವಾರ ಡಿಜಿಟಲ್ ತಕ್ಕಡಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. “ಇದೇನಪ್ಪ, ಅಂಗಡಿ ಇಡುತ್ತೀಯಾ?” ಎಂದರು ಅಮ್ಮ.

ಅವರು ಸಾರಿಗೆಂದು ಲೋಟದಲ್ಲಿ ತೆಗೆದ ತೊಗರಿಬೇಳೆಯನ್ನು ತೂಗಿದೆ. 130 ಗ್ರಾಂ. ಮನೆಯಲ್ಲಿ ನಾಲ್ಕು ಜನ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಅಂದರೆ ನನ್ನ ಪಾಲಿಗೆ ಬರುವುದು ಏಳು ಗ್ರಾಂ. ಅದೂ ಬೇಳೆಯೆಲ್ಲ ಸಮನಾಗಿ ಹಂಚಿಹೋದರೆ. ನಾನು ಸೌಟಿನಲ್ಲಿ ಮೇಲಿನ ತಿಳಿಯನ್ನೇ ಬಸಿದುಕೊಳ್ಳುವವನು. ‘ದಿನಾ ಬೇಳೆ ತಿನ್ನುತ್ತೇನಲ್ಲ’ ಎಂಬ ನನ್ನ ಧೈರ್ಯವೆಲ್ಲ ಒಂದೂಕಾಲು ಮೊಟ್ಟೆಯಷ್ಟೂ ಇರಲಿಲ್ಲ.

ಬಸ್ಸಾರಿನ ದಿನ ಇನ್ನೂ ಅನ್ಯಾಯ. ಕಾಳು, ಸೊಪ್ಪು ಬೇಯಿಸಿ ನೀರು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದ ಮೇಲೆ ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ನಾನು ಎರಡು ಮುದ್ದೆಯನ್ನು ಸಾರಿನಲ್ಲೇ ನುಂಗಿ, ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆ. ರುಚಿಯೆಲ್ಲ ಸಾರಿನಲ್ಲಿ, ನಿಜ. ಆದರೆ ಪ್ರೋಟೀನೆಲ್ಲ ಹೆಚ್ಚುಕಡಿಮೆ ಆ ಪಲ್ಯದಲ್ಲೇ ಕೂತಿತ್ತು.

ಒಂದು ವಾರ ತಿಂದದ್ದನ್ನೆಲ್ಲ ಬರೆದೆ. ದಿನಕ್ಕೆ ಸರಾಸರಿ 48 ಗ್ರಾಂ ಪ್ರೋಟೀನ್, 1,950 ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಆ ಲೆಕ್ಕದಲ್ಲಿ ನನಗೆ ಕೊರತೆಯೇ ಇರಲಿಲ್ಲ. ಆದರೆ ಅದು ಆರೋಗ್ಯ ಕಾಯ್ದುಕೊಳ್ಳುವ ಅಳತೆ. ಭಾರ ಎತ್ತುವವರ ಮೇಲೆ ನಡೆದ 49 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆಯೊಂದು, ಕಿಲೋಗೆ ಸರಾಸರಿ 1.6 ಗ್ರಾಂ ದಾಟಿದ ಮೇಲೆ ಮಾಂಸಖಂಡಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ ಎಂದಿತ್ತು. 56ನ್ನು 1.6ರಿಂದ ಗುಣಿಸಿದರೆ 90 ಗ್ರಾಂ. ಎರಡೂವರೆಯ ಲೆಕ್ಕದಲ್ಲಿ 140 ಆಗುತ್ತಿತ್ತು. ನಡುವಿನ ಐವತ್ತು ಗ್ರಾಂ ಡಬ್ಬದ ವ್ಯಾಪಾರ ಎಂದೇ ನನ್ನ ತೀರ್ಮಾನ.

ಕ್ಯಾಲೊರಿಯನ್ನು 2,350ಕ್ಕೆ ಏರಿಸಿದೆ. ಇದನ್ನು ಯಾರೂ ನನಗೆ ಒತ್ತಿ ಹೇಳಿರಲಿಲ್ಲ. ಒಟ್ಟು ಊಟವೇ ಸಾಲದಿದ್ದರೆ ದೇಹ ಪ್ರೋಟೀನನ್ನೂ ಸೌದೆಯ ಹಾಗೆ ಉರಿಸಿಕೊಳ್ಳುತ್ತದೆ. ಇಟ್ಟಿಗೆ ರಾಶಿ ಬಿದ್ದಿದ್ದರೂ ಕೂಲಿಗೆ ಕಾಸಿಲ್ಲದಿದ್ದರೆ ಗೋಡೆ ಏಳುವುದಿಲ್ಲ.

ಈಗ ಬೆಳಿಗ್ಗೆ ಇಡ್ಲಿಯೋ ದೋಸೆಯೋ, ಜೊತೆಗೆ ದಪ್ಪ ಚಟ್ನಿ. ಚಟ್ನಿಗೆ ತೆಂಗಿನಕಾಯಿ ಕಡಿಮೆ ಮಾಡಿ ಕಡಲೆಕಾಯಿ ಬೀಜ, ಹುರಿಗಡಲೆ ಹೆಚ್ಚಿಸಿದ್ದೇವೆ. ಹಾಲು ದಿನಕ್ಕೆ ಅರ್ಧ ಲೀಟರ್, 16 ಗ್ರಾಂ. ಕಚೇರಿಯ ಡ್ರಾಯರಿನಲ್ಲಿ ಹುರಿಗಡಲೆಯ ಡಬ್ಬಿ, ಐವತ್ತು ಗ್ರಾಂ ತಿಂದರೆ ಹತ್ತಕ್ಕೆ ಮೋಸವಿಲ್ಲ. ಮಧ್ಯಾಹ್ನ ಅನ್ನ, ಗಟ್ಟಿ ಹುಳಿ, ದೊಡ್ಡ ಬಟ್ಟಲು ಮೊಸರು. ರಾತ್ರಿ ಮುದ್ದೆ, ಜೊತೆಗೆ ಹುರಳಿಯೋ ಅಲಸಂದೆಯೋ, ಒಣಗಿದ ಕಾಳಿನ ತೂಕದಲ್ಲಿ ಅರವತ್ತು ಗ್ರಾಂ. ಪ್ರೋಟೀನ್ ಕಟ್ಟುವ ತುಣುಕುಗಳೇ ಅಮೈನೋ ಆಮ್ಲಗಳು; ಅವುಗಳಲ್ಲಿ ಲೈಸಿನ್ ಎಂಬುದು ಧಾನ್ಯದಲ್ಲಿ ಕಡಿಮೆ, ಕಾಳಿನಲ್ಲಿ ಧಾರಾಳ. ಮುದ್ದೆಗೆ ಕಾಳು ಜೊತೆಯಾದದ್ದು ರುಚಿಗಷ್ಟೇ ಅಲ್ಲ.

ನಮ್ಮ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಸಂಜೆ ಜಿಮ್ಮಿನ ಎದುರಿನ ಗಾಡಿಯಲ್ಲಿ ಬೇಯಿಸಿದ ಮೂರು ಮೊಟ್ಟೆ ತಿನ್ನುತ್ತೇನೆ, ಹದಿನೆಂಟು ಗ್ರಾಂ. ಹಳದಿ ಎಸೆಯಬೇಕೆಂದು ಜಿಮ್ಮಿನಲ್ಲಿ ಎಲ್ಲರೂ ಹೇಳುತ್ತಾರೆ. ಮೊಟ್ಟೆಯ ಪ್ರೋಟೀನಿನ ಐದು ಪಾಲಿನಲ್ಲಿ ಎರಡು ಪಾಲು ಆ ಹಳದಿಯಲ್ಲೇ ಇದೆ, ಕಾಸು ಕೊಟ್ಟು ಬೀದಿನಾಯಿಗೆ ಹಾಕುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಅಮ್ಮನಿಗೆ ಗೊತ್ತು. ಕೇಳುವುದಿಲ್ಲ, ಬಂದ ಕೂಡಲೇ ಕೈಕಾಲು ತೊಳೆಯಲು ಮಾತ್ರ ಹೇಳುತ್ತಾರೆ.

ಮೊದಲ ಎರಡು ವಾರ ಹೊಟ್ಟೆ ಉಬ್ಬರ. ಕಚೇರಿಯಲ್ಲಿ ಪಕ್ಕದ ಕುರ್ಚಿಯವರ ಕ್ಷಮೆ ಕೇಳುವುದೊಂದು ಬಾಕಿ. ಕಾಳನ್ನು ಹಿಂದಿನ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಮೇಲೆ, ಒಗ್ಗರಣೆಗೆ ಇಂಗು ಬಿದ್ದ ಮೇಲೆ ಹದಕ್ಕೆ ಬಂತು. ಅರವತ್ತು ಗ್ರಾಂ ಕಾಳಿಗೆ ಒಮ್ಮೆಲೇ ಹಾರಿದ್ದು ನನ್ನ ಆತುರ, ಹದಿನೈದಿಪ್ಪತ್ತರಿಂದ ಏರಿಸಬೇಕಿತ್ತು.

ಇನ್ನೊಂದು ತಪ್ಪು ಮೂರನೆಯ ತಿಂಗಳಲ್ಲಿ. ತೂಕ ಏರುವ ಖುಷಿಗೆ, ಸಾಲು ಸಾಲು ಮದುವೆಗಳೂ ಸೇರಿ, ಹೋಳಿಗೆಗೆ ತುಪ್ಪ ಸುರಿದದ್ದೇ ಸುರಿದದ್ದು. ಒಂದೇ ತಿಂಗಳಲ್ಲಿ ಎರಡು ಕಿಲೋ ಬಂತು, ಜೊತೆಗೆ ಬೆಲ್ಟಿನ ಒಂದು ತೂತು ಸರಿಯಿತು. ಹೆಗಲ ಮೇಲೆ ಭಾರ ಹೊತ್ತು ಕೂತೇಳುವ ಸ್ಕ್ವಾಟ್‌ನಲ್ಲಿ ಎತ್ತುವ ತೂಕ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ವಾರಕ್ಕೆ ಇನ್ನೂರು ಗ್ರಾಂ ಏರಿದರೆ ಸಾಕೆಂದು ಕೈ ಬಿಗಿಹಿಡಿದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡವೂ ಸ್ವಲ್ಪ ದಣಿದಿದೆ. ವೈದ್ಯರು ಅವರಿಗೆ ಪ್ರೋಟೀನನ್ನು ಮಿತಿಯಲ್ಲಿಡಲು ಹೇಳಿದ್ದಾರೆ. ಹಾಗಾಗಿ ಒಂದೇ ಒಲೆಯ ಮೇಲೆ ಬೆಂದ ಪಲ್ಯ ನನಗೆ ನಾಲ್ಕು ಸೌಟು, ಅವರಿಗೆ ಒಂದು.

ಹತ್ತು ತಿಂಗಳಿಗೆ 62 ಕಿಲೋ. ಮೂವತ್ತು ಕಿಲೋದಿಂದ ಶುರುವಾದ ಸ್ಕ್ವಾಟ್ 75ಕ್ಕೆ ಬಂದಿದೆ. ಅಂಗಿಯ ಹೆಗಲು ತುಂಬಿದೆ, ತೋಳು ಇನ್ನೂ ಸಡಿಲ. ಮೂರು ವಾರದಿಂದ ಮುಳ್ಳು 62ರಲ್ಲೇ ನಿಂತಿದೆ. ಮೈ ಭಾರವಾದಂತೆ ಅದರ ಖರ್ಚೂ ಏರುತ್ತದೆ, ಅಂದು ಹೆಚ್ಚೆನಿಸಿದ ಊಟ ಇಂದು ಸರಿಸಮಕ್ಕೆ ಬಂದು ನಿಂತಿದೆ. ಸೋಮವಾರದಿಂದ ರಾತ್ರಿಗೆ ಇನ್ನರ್ಧ ಮುದ್ದೆ ಕಟ್ಟಲು ಅಮ್ಮನಿಗೆ ಹೇಳಿದ್ದೇನೆ.