ಜರ್ಮನಿಯ ಸಣ್ಣ ಊರಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಸ್ಟುಟ್‌ಗಾರ್ಟ್ ಸುತ್ತಮುತ್ತ ಈಗ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಬೆಂಗಳೂರಿನ ಬಾಷ್, ಮರ್ಸಿಡಿಸ್ ಆಫೀಸುಗಳಿಂದ ತುಂಬಾ ಜನ ಇಲ್ಲಿಗೆ ಬರುತ್ತಾರೆ. ನಗರದೊಳಗೆ ಬಾಡಿಗೆ ಜಾಸ್ತಿ, ಮನೆ ಸಿಗುವುದೂ ಕಷ್ಟ. ಹಾಗಾಗಿ ಹತ್ತಿರದ ಸಣ್ಣ ಊರುಗಳಲ್ಲಿ ಮನೆ ಮಾಡುತ್ತಾರೆ. ಕೆಲವು ತಿಂಗಳಾದ ಮೇಲೆ ಅವರಲ್ಲಿ ಅನೇಕರು ಹೇಳುವುದು ಒಂದೇ ಮಾತು: "ಇಲ್ಲಿ ಯಾರೂ ಮಾತಾಡಿಸೋದೇ ಇಲ್ಲ." ಆ ಬೇಸರ ನಿಜ. ಆದರೆ ಇಲ್ಲಿ ಜನರೊಂದಿಗೆ ಬೆರೆಯುವುದಕ್ಕೂ ಒಂದು ಪದ್ಧತಿ ಇದೆ. ಅದನ್ನು ಮೊದಲೇ ತಿಳಿದುಕೊಂಡರೆ ಒಂದು ವರ್ಷದ ಒಂಟಿತನ ತಪ್ಪುತ್ತದೆ.

ಕಾಗದಪತ್ರದ ಕೆಲಸ ಮೊದಲು ಮುಗಿಸಿ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಬಾಡಿಗೆ ಕರಾರು ಒಂದೇ ಸಾಲದು. ನೀವು ಆ ಮನೆಗೆ ಬಂದಿದ್ದೀರಿ ಎಂದು ಮಾಲೀಕರು ಬರೆದುಕೊಟ್ಟ ಪತ್ರ ಬೇಕು. ಫಾರ್ಮ್‌ನಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆಸಿದರೆ ಚರ್ಚ್ ತೆರಿಗೆ ಬರುತ್ತದೆ. ಈ ರಾಜ್ಯದಲ್ಲಿ ಅದು ನಿಮ್ಮ ಆದಾಯ ತೆರಿಗೆಯ ಶೇ. 8ರಷ್ಟು. ಮಂಗಳೂರು ಕಡೆಯಿಂದ ಬರುವ ಕ್ರೈಸ್ತ ಕುಟುಂಬಗಳಿಗೆ ಇದು ಮೊದಲೇ ಗೊತ್ತಿರಲಿ. ನೋಂದಣಿ ಆದ ಮೇಲೆ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ಟಿವಿ-ರೇಡಿಯೊ ಶುಲ್ಕದ ಪತ್ರವೂ ಬರುತ್ತದೆ. ಅದು ಮೋಸದ ಪತ್ರವಲ್ಲ, ಕಟ್ಟಲೇಬೇಕು.

ಪತ್ರ ಕೈಸೇರಬೇಕಾದರೆ ಅಂಚೆ ಡಬ್ಬದ ಮೇಲೆ, ಕಾಲಿಂಗ್ ಬೆಲ್ ಪಕ್ಕ ನಿಮ್ಮ ಹೆಸರು ಇರಲೇಬೇಕು. ಇಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ, ಹೆಸರೇ ವಿಳಾಸ. ಗಂಡ ಹೆಂಡತಿಯ ಕೊನೆಯ ಹೆಸರು ಬೇರೆ ಬೇರೆ ಇದ್ದರೆ, ನಮ್ಮಲ್ಲಿ ಅದು ಸಾಮಾನ್ಯ ಅಲ್ವಾ, ಎರಡನ್ನೂ ಹಾಕಿ.

ಇನ್ನು ಅಕ್ಕಪಕ್ಕದ ಮನೆಯವರು. ನಮ್ಮ ಕಡೆ ಹೊಸಬರು ಬಂದರೆ ಪಕ್ಕದ ಮನೆಯವರೇ ಬಂದು ವಿಚಾರಿಸುತ್ತಾರೆ. ಇಲ್ಲಿ ಹೊಸಬರೇ ಹೋಗಿ ಬೆಲ್ ಒತ್ತಬೇಕು. ನೀವು ಹೋಗದಿದ್ದರೆ, ನಿಮಗೆ ಯಾರೂ ಬೇಡ ಎಂದುಕೊಂಡು ಅವರು ಸುಮ್ಮನಿರುತ್ತಾರೆ. ಒಂದು ಶನಿವಾರ ಹೋಗಿ ಹೆಸರು ಹೇಳಿ, ಎರಡು ಮಾತಾಡಿ ಬನ್ನಿ. ಒಳಗೆ ಕರೆಯದಿದ್ದರೆ ನೊಂದುಕೊಳ್ಳಬೇಡಿ. ಆ ಎರಡು ನಿಮಿಷಕ್ಕೆ ತುಂಬಾ ಬೆಲೆ ಇದೆ. ನೀವು ಆಫೀಸಿನಲ್ಲಿರುವಾಗ ನಿಮ್ಮ ಪಾರ್ಸೆಲ್ ಇಸಿದುಕೊಳ್ಳುವವರು ಅವರೇ. ಸಂಜೆ ಅದನ್ನು ತರಲು ಹೋದಾಗ ಮಾತು ಮುಂದುವರಿಯುತ್ತದೆ.

ಈ ಶ್ವಾಬಿಯಾ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿ ಇದೆ. ಮೆಟ್ಟಿಲು, ಓಣಿ, ಮನೆ ಮುಂದಿನ ದಾರಿ ಗುಡಿಸಿ ಒರೆಸುವುದು ಪ್ರತಿ ವಾರ ಒಂದೊಂದು ಮನೆಯವರ ಪಾಳಿ. ಎಷ್ಟೋ ಕಟ್ಟಡಗಳಲ್ಲಿ ಪಾಳಿ ಇದ್ದವರ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ. ನಿಮ್ಮ ವಾರ ಬಂದಾಗ ಶ್ರದ್ಧೆಯಿಂದ ಮಾಡಿ. ಭಾಷೆ ಬರದಿದ್ದರೂ ಇದನ್ನು ಎಲ್ಲರೂ ಗಮನಿಸುತ್ತಾರೆ. ಭಾನುವಾರ ಮಾತ್ರ ಗೋಡೆಗೆ ಡ್ರಿಲ್ ಹಾಕಬೇಡಿ, ಗಾಜಿನ ಬಾಟಲಿಗಳನ್ನು ತೊಟ್ಟಿಗೆ ಹಾಕಲೂ ಹೋಗಬೇಡಿ. ರಾತ್ರಿ 10ರ ನಂತರವೂ ಸದ್ದು ಕಡಿಮೆ ಇರಲಿ.

ಆದರೆ ನಿಜವಾದ ಗೆಳೆತನ ಬೆಳೆಯುವ ಜಾಗ ಫೆರೈನ್, ಅಂದರೆ ಊರಿನ ಸಂಘ. ಆಟ, ಹಾಡು, ವಾದ್ಯ, ಚಾರಣ, ಚೆಸ್, ತೋಟಗಾರಿಕೆ, ಎಲ್ಲಕ್ಕೂ ಸಂಘಗಳಿವೆ. ಏಳು ಜನ ಸೇರಿದರೆ ಕೋರ್ಟಿನಲ್ಲಿ ಒಂದು ಸಂಘ ನೋಂದಾಯಿಸಬಹುದು. ಎಷ್ಟೋ ಸಂಘಗಳ ಹೆಸರಿನಲ್ಲೇ ಹುಟ್ಟಿದ ವರ್ಷ ಇರುತ್ತದೆ, ಟಿಎಸ್‌ವಿ 1860 ಮ್ಯೂನಿಕ್ ಇದ್ದ ಹಾಗೆ. ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರೂ ಬಹುಪಾಲು ಸ್ವಯಂಸೇವಕರೇ. ಸಂಘಗಳ ಪಟ್ಟಿ ಪುರಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸೇರುವ ಮೊದಲು ಒಂದೆರಡು ಸಲ ಸುಮ್ನೆ ಬಂದು ನೋಡಲು ಸಾಮಾನ್ಯವಾಗಿ ಬಿಡುತ್ತಾರೆ. ಇಷ್ಟವಾದರೆ ವರ್ಷದ ಚಂದಾ ಕಟ್ಟಿ ಸೇರಿ. ಬಿಡುವುದಾದರೆ ಬರವಣಿಗೆಯಲ್ಲಿ ತಿಳಿಸಬೇಕು, ಅದಕ್ಕೆ ಗಡುವೂ ಇರುತ್ತದೆ.

ಸೇರಿದ ಮೇಲೆ ಬಿಡದೆ ಹೋಗಬೇಕು. ಮೂರು ಸಲ ಹೋಗಿ "ಯಾರೂ ಹತ್ತಿರ ಬರಲಿಲ್ಲ" ಎಂದು ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅದು ತೀರಾ ಬೇಗ. ಪ್ರತಿ ವಾರ ಅದೇ ಹೊತ್ತಿಗೆ ಬರುವ ಮುಖವನ್ನು ಇಲ್ಲಿನವರು ನಂಬುತ್ತಾರೆ. ಬರಲು ಆಗದಿದ್ದರೆ ಮೊದಲೇ ಹೇಳಿ. ಆಟ ಮುಗಿದ ಮೇಲೆ ಎಲ್ಲರೂ ಕುಳಿತು ಏನಾದರೂ ಕುಡಿಯುತ್ತಾರೆ. ಆಗ ಮನೆಗೆ ಓಡಬೇಡಿ, ಆಪಲ್ ಜ್ಯೂಸ್ ಹಿಡಿದು ಕುಳಿತರೂ ಸಾಕು. ಬೇಸಿಗೆಯ ಹಬ್ಬದಲ್ಲಿ ಸದಸ್ಯರೇ ಪಾಳಿಯಲ್ಲಿ ಅಂಗಡಿ ನಡೆಸುತ್ತಾರೆ. ಹೆಸರು ಕೊಡಿ. ಮಾಂಸ ಮುಟ್ಟದವರು ಕೇಕ್ ಅಥವಾ ಪಾನೀಯದ ಕೌಂಟರ್ ಕೇಳಿಕೊಳ್ಳಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎರಡು ಗಂಟೆ ಪಕ್ಕಪಕ್ಕ ನಿಂತು ಲೋಟ ತೊಳೆದವರು ಮಾರನೇ ದಿನ ಬೇಕರಿಯಲ್ಲಿ ಸಿಕ್ಕರೆ ಹೆಸರು ಹಿಡಿದು ಮಾತಾಡಿಸುತ್ತಾರೆ.

ಮಾತಿಗೆ ವಿಷಯ ಬೇಕಾದರೆ ಕನ್ನಡವೇ ಇದೆ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಬ್ರಾಕೆನ್‌ಹೈಮ್‌ನಲ್ಲಿ. 1894ರ ಕನ್ನಡ ನಿಘಂಟಿನ ಕಿಟೆಲ್ ತೀರಿಕೊಂಡಿದ್ದು ದಕ್ಷಿಣಕ್ಕಿರುವ ಟ್ಯೂಬಿಂಗೆನ್‌ನಲ್ಲಿ. ನಮ್ಮ ಭಾಷೆಯ ಮೊದಲ ಪತ್ರಿಕೆ ನಿಮ್ಮ ಸೀಮೆಯವರ ಕೆಲಸ ಎಂದು ಹೇಳಿ ನೋಡಿ. ಇದನ್ನು ಕೇಳಿ ಖುಷಿಯಿಂದ ಇನ್ನಷ್ಟು ಪ್ರಶ್ನೆ ಕೇಳದವರು ನನಗಿನ್ನೂ ಸಿಕ್ಕಿಲ್ಲ.

ಮಕ್ಕಳಿದ್ದರೆ ಶಾಲೆಯ ಎಲ್ಟರ್ನ್‌ಆಬೆಂಟ್, ಅಂದರೆ ಪೋಷಕರ ಸಂಜೆ ಸಭೆ, ತಪ್ಪಿಸಬೇಡಿ. ಜರ್ಮನ್ ಅರ್ಧ ಅರ್ಥವಾದರೂ ಹೋಗಿ. ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಶುಭಾಶಯ ಹೇಳಬೇಡಿ, ಇಲ್ಲಿ ಅದು ಅಪಶಕುನ.

ಕನ್ನಡ ಕೂಟಕ್ಕೆ ಖಂಡಿತ ಹೋಗಿ. ಯುಗಾದಿ, ರಾಜ್ಯೋತ್ಸವ ನಮ್ಮವರ ಜೊತೆಯೇ ಆಗಬೇಕು. ಆದರೆ ವಾರಾಂತ್ಯವೆಲ್ಲ ಅಲ್ಲೇ ಕಳೆದರೆ ಮನೆಯಲ್ಲಿರುವ ಸಂಗಾತಿಗೆ ಜರ್ಮನ್ ಬರುವುದೇ ಇಲ್ಲ, ಇದು ನನ್ನನ್ನು ತುಂಬಾ ಕಾಡುವ ವಿಷಯ. ಕೆಲಸಕ್ಕೆ ಹೋಗುವವರಿಗೆ ಆಫೀಸಾದರೂ ಇದೆ. ಮನೆಯಲ್ಲಿರುವವರು ಮೊದಲ ತಿಂಗಳಲ್ಲೇ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ ಭಾಷೆಯ ತರಗತಿಗೆ ಸೇರಲಿ. ಇದು ಊರವರಿಗಾಗಿ ನಡೆಯುವ ಕಲಿಕಾ ಕೇಂದ್ರ, ಶುಲ್ಕ ಖಾಸಗಿ ಶಾಲೆಗಳಿಗಿಂತ ಸಾಮಾನ್ಯವಾಗಿ ಕಡಿಮೆ. ಅಡುಗೆ, ಹೊಲಿಗೆ, ಯೋಗ ಕೂಡ ಕಲಿಸುತ್ತಾರೆ. ದೋಸೆ ಮಾಡುವುದನ್ನು ನೀವೇ ಕಲಿಸುತ್ತೇನೆ ಅಂತ ಕೇಳಬಹುದು. ಸಂಬಳ ತೆಗೆದುಕೊಳ್ಳುವ ಮುಂಚೆ ಮಾತ್ರ ನಿಮ್ಮ ವೀಸಾದಲ್ಲಿ ಅವಕಾಶ ಇದೆಯೇ ಎಂದು ವಿದೇಶಿಯರ ಕಚೇರಿಯಲ್ಲಿ ವಿಚಾರಿಸಿ. ಹೊಸ ತರಗತಿಗಳು ಹೆಚ್ಚಾಗಿ ಸೆಪ್ಟೆಂಬರ್ ಸುಮಾರಿಗೆ ಮತ್ತು ಫೆಬ್ರವರಿ-ಮಾರ್ಚ್ ಹೊತ್ತಿಗೆ ಶುರುವಾಗುತ್ತವೆ. ಭಾಷೆಯ ಸೀಟುಗಳು ಬೇಗ ತುಂಬುತ್ತವೆ, ಪಟ್ಟಿ ಬಂದ ವಾರವೇ ಹೆಸರು ಕೊಟ್ಟುಬಿಡಿ.