ಬ್ರಿಟನ್‌ಗೆ ಬಂದವರೇ, ಮೊದಲು ವೋಟಿಗೆ ಹೆಸರು ಬರೆಸಿ

ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರ್, ಜಿಪಿ ಅಂದರೆ ಮನೆ ಡಾಕ್ಟರು, ಬ್ಯಾಂಕು, ಊರಿನ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಎಲ್ಲ ಬಂದ ತಿಂಗಳಲ್ಲೇ ಮುಗಿಸಿಬಿಡಿ. ಅದನ್ನು ಆಫೀಸಿನವರೇ ಹೇಳಿಕೊಡುತ್ತಾರೆ. ಯಾರೂ ಹೇಳದ ವಿಷಯ ಒಂದಿದೆ. ವೀಸಾ ಮೇಲೆ ಇಲ್ಲಿ ವಾಸವಿದ್ದರೂ ನಿಮಗೆ ವೋಟು ಇದೆ, ಪಾರ್ಲಿಮೆಂಟ್ ಚುನಾವಣೆಯಲ್ಲೂ. ಭಾರತ ಕಾಮನ್‌ವೆಲ್ತ್ ದೇಶ, ಅದಕ್ಕೆ.

ನನಗೆ ಗೊತ್ತಿರಲಿಲ್ಲ. ನಾನು ಬಂದದ್ದು 2006ರಲ್ಲಿ. ಮತದಾರರ ಪಟ್ಟಿಯ ಫಾರಂ ಪ್ರತಿ ವರ್ಷ ಮನೆಗೆ ಬರುತ್ತಿತ್ತು. ನಮಗಲ್ಲ ಎಂದುಕೊಂಡು ಪಿಜ್ಜಾ ಅಂಗಡಿಯ ಕಾಗದಗಳ ಜೊತೆ ಎಸೆಯುತ್ತಿದ್ದೆ. 2010ರ ಚುನಾವಣೆಯನ್ನು ಟಿವಿಯಲ್ಲಿ ಸುಮ್ನೆ ನೋಡಿದೆ. ನಿವ್ವಳ ವಲಸೆಯನ್ನು, ಅಂದರೆ ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕವನ್ನು, ವರ್ಷಕ್ಕೆ ಲಕ್ಷದೊಳಗೆ ಇಳಿಸುತ್ತೇವೆ ಎನ್ನುತ್ತಿದ್ದರು ಕನ್ಸರ್ವೇಟಿವ್ ಪಕ್ಷದ ನಾಯಕ ಡೇವಿಡ್ ಕ್ಯಾಮರೂನ್. ಅದು ನಮ್ಮ ಅಮ್ಮನ ವಿಷಯ ಎಂದು ಹೊಳೆಯಲೇ ಇಲ್ಲ.

2011ರಲ್ಲಿ ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ ಸಿಕ್ಕಿತು. ಅಪ್ಪ ಆಗಲೇ ಇರಲಿಲ್ಲ. ತಿಪಟೂರಿನ ಮನೆಯಲ್ಲಿ ಅಮ್ಮ ಒಬ್ಬರೇ. 65 ದಾಟಿದ, ಗಂಡನಿಲ್ಲದ, ಮಗನ ದುಡ್ಡನ್ನೇ ನಂಬಿದ ತಾಯಿಯನ್ನು ಕರೆಸಿಕೊಳ್ಳಲು ಆಗ ದಾರಿ ಇತ್ತು. ಈ ಚಳಿ ಕಳೆಯಲಿ, ಸ್ವಲ್ಪ ದೊಡ್ಡ ಮನೆ ಆಗಲಿ ಎಂದು ಮುಂದೂಡಿದೆ. 2012ರ ಜುಲೈ 9ಕ್ಕೆ ನಿಯಮ ಬದಲಾಯಿತು. ಈಗ ತಾಯಿಗೆ ದಿನನಿತ್ಯದ ಕೆಲಸಕ್ಕೂ ಬೇರೆಯವರ ಕೈ ಬೇಕಾಗಿರಬೇಕು. ನಾವು ದುಡ್ಡು ಕಳಿಸಿದರೂ ಊರಲ್ಲಿ ಆ ಆರೈಕೆ ಸಿಗದು ಎಂದು ತೋರಿಸಬೇಕು. ದುಡ್ಡು ಕೊಟ್ಟರೆ ತಿಪಟೂರಿನಲ್ಲಿ ಆಳು ಸಿಗುತ್ತಾರೆ. ಮಗ ಸಿಗುವುದಿಲ್ಲ, ಅಲ್ವಾ?

ಅಮ್ಮ ವಿಸಿಟ್ ವೀಸಾದಲ್ಲಿ ಎರಡು ಸಲ ಬಂದುಹೋದರು. ಕೊನೆಯ ಸಲ ಹುಳಿಪುಡಿ ಡಬ್ಬಿಗೆ ಚೀಟಿ ಅಂಟಿಸಿದ್ದರು: 'ಒದ್ದೆ ಚಮಚ ಹಾಕಬೇಡಿ.' ಪುಡಿ ಯಾವತ್ತೋ ಮುಗಿದಿದೆ, ಡಬ್ಬಿ ಅಲ್ಲೇ ಇದೆ. ಮಗಳಿಗೆ ಆ ಅಕ್ಷರ ಓದಲು ಬರುವುದಿಲ್ಲ. ಅಜ್ಜಿ ಮನೆಯಲ್ಲಿದ್ದಿದ್ದರೆ ಬರುತ್ತಿತ್ತು.

ಈಗ ನಿಮ್ಮ ಬುಡಕ್ಕೇ ಬಂದಿದೆ. ಐಎಲ್‌ಆರ್‌ಗೆ 5 ವರ್ಷದ ಬದಲು 10 ವರ್ಷ ಕಾಯಿಸಬೇಕು ಎಂದು 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಸರ್ಕಾರ ಹೇಳಿತು. ಈಗಾಗಲೇ ಇಲ್ಲಿದ್ದು ಇನ್ನೂ ಐಎಲ್‌ಆರ್ ಸಿಗದವರನ್ನೂ ಇದಕ್ಕೆ ಸೇರಿಸುವ ಪ್ರಸ್ತಾಪವನ್ನು ನವೆಂಬರಿನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಮುಂದಿಟ್ಟರು. ಸಂಬಳ ಜಾಸ್ತಿ ಇದ್ದವರಿಗೆ ಬೇಗ, ಸರ್ಕಾರಿ ನೆರವು ಪಡೆದವರಿಗೆ ಇನ್ನೂ ತಡ. ಬಾಡಿಗೆ, ಆಸ್ಪತ್ರೆಯ ಸರದಿ ನೋಡಿ ಇಲ್ಲಿಯ ಜನ ಸಿಟ್ಟಾಗಿರುವುದು ನಿಜ. ಆದರೆ ವಲಸಿಗರು ಪುಕ್ಕಟೆ ತಿನ್ನುತ್ತಾರೆ ಎಂದರೆ ನಾನು ಒಪ್ಪುವುದಿಲ್ಲ. ಟ್ಯಾಕ್ಸ್, ಎನ್‌ಐ ಕಟ್ಟಿದ ಮೇಲೂ ಹೆಲ್ತ್ ಸರ್‌ಚಾರ್ಜ್ ಇದೆ, ವೀಸಾದವರು ಸರ್ಕಾರಿ ಆಸ್ಪತ್ರೆಗೆಂದು ಕಟ್ಟುವ ಹಣ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಒಂದು ಮಗು ಇನ್ನೂ 5 ವರ್ಷ ಕಾಯಬೇಕೆಂದರೆ 14,230 ಪೌಂಡ್. ವೀಸಾ ಫೀಸು ಬೇರೆ.

 

2024ರ ಜುಲೈ 4ರಂದು ಮಗಳನ್ನೂ ಕರೆದುಕೊಂಡು ಹೋಗಿ ವೋಟು ಹಾಕಿದೆ. ಗುರುತಿಗೆ ಭಾರತದ ಪಾಸ್‌ಪೋರ್ಟೇ ಸಾಕಾಯಿತು. ದಾರಕ್ಕೆ ಕಟ್ಟಿದ ಗಿಡ್ಡ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಕಾಗದ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಅಮ್ಮ ತೀರಿಹೋಗಿ ಆಗ ಎರಡು ವರ್ಷವಾಗಿತ್ತು.

ಹೆಸರು ಬರೆಸಲು ಐದೇ ನಿಮಿಷ, ಆನ್‌ಲೈನಿನಲ್ಲೇ ಆಗುತ್ತದೆ. ತಿಳಿಯದಿದ್ದರೆ ಕೇಳಿ, ಜೊತೆಗೆ ಕೂತು ಮಾಡಿಸಿಕೊಡುತ್ತೇನೆ.